ಘಟ್ಟದ ಮೇಲಿಂದ ದ್ವೀಪದ ತನಕ, ಬಸ್ಸಿನಲ್ಲಿ ಒಬ್ಬರೇ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿಯವಳು. ಗಾಡಿ ಓಡಿಸಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಹಾಗಾಗಿ ನಮ್ಮ ಜಿಲ್ಲೆಯನ್ನು ನಾನು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ, ರೈಲಿನ ಬಾಗಿಲಿಂದ, ಇಲ್ಲವೇ ತಾರಿಯ (ಹೊಳೆ ದಾಟಿಸುವ ದೋಣಿಯ) ಮೇಲೆ ನಿಂತು. ವರ್ಷಕ್ಕೆ ಒಂದೆರಡು ಸಲ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಹೊರಡುತ್ತೇನೆ. ಹುಬ್ಬಳ್ಳಿ, ಬೆಂಗಳೂರಿನ ಗೆಳತಿಯರು, ಅವರ ಗೆಳತಿಯರು, ಈಚೆಗೆ ಅವರ ಮಕ್ಕಳೂ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಟ್ಟೆ.

ಕಾರಿಲ್ಲದೆ ಉತ್ತರ ಕನ್ನಡ ನೋಡಲು ಆಗುತ್ತದಾ?

ಆಗುತ್ತದೆ. ಆದರೆ ಒಂದೇ ದಿನದಲ್ಲಿ ನಾಲ್ಕು ಜಲಪಾತ, ಎರಡು ಬೀಚ್ ನೋಡುತ್ತೇನೆ ಎಂದು ಹೊರಟರೆ ಆಗುವುದಿಲ್ಲ. ದಿನಕ್ಕೆ ಒಂದು ಜಾಗ. ಜಾಸ್ತಿ ಅಂದರೆ ಒಂದೂವರೆ. ಆ ಅರ್ಧ ಏನು ಅಂದರೆ, ಬಸ್ಸು ಬರುವ ತನಕ ನೀವು ಕೂತ ಊರು.

ಎಷ್ಟು ದಿನ ಬೇಕು? ಯಾವ ದಾರಿ?

ಆರು ದಿನ ಇಟ್ಟುಕೊಳ್ಳಿ. ನಾನು ಹೇಳುವ ದಾರಿ ಮೇಲಿಂದ ಕೆಳಗೆ ಇಳಿಯುವುದು. ಶಿರಸಿಯಲ್ಲಿ ಎರಡು ರಾತ್ರಿ. ಒಂದು ದಿನ ಬನವಾಸಿ, ಇನ್ನೊಂದು ದಿನ ಸಹಸ್ರಲಿಂಗ ಅಥವಾ ಸಿದ್ದಾಪುರದ ಕಡೆ. ಆಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ. ಅಲ್ಲಿಂದ ಯಾಣ, ಗೋಕರ್ಣ. ಹೊನ್ನಾವರ, ಮುರ್ಡೇಶ್ವರ ಮುಗಿಸಿ ರೈಲಿನಲ್ಲಿ ಉತ್ತರಕ್ಕೆ ಬಂದು ಕಾರವಾರದಲ್ಲಿ ಕೊನೆ.

ಬನವಾಸಿಗೆ ಶಿರಸಿಯಿಂದ 23 ಕಿಲೋಮೀಟರ್, ಬಸ್ಸಿಗೆ ಬರವಿಲ್ಲ. ಕದಂಬರ ರಾಜಧಾನಿ ಎಂದು ಶಾಲೆಯಲ್ಲಿ ಓದಿದ ಊರು ಈಗ ವರದಾ ನದಿಯ ಪಕ್ಕದ ಒಂದು ಚಿಕ್ಕ ಪೇಟೆ. ಮಧುಕೇಶ್ವರ ದೇವಸ್ಥಾನದ ಜಗಲಿಯ ಮೇಲೆ ಮಧ್ಯಾಹ್ನ ಕೂತರೆ ಬೇಸಿಗೆಯಲ್ಲೂ ಕಲ್ಲು ತಂಪು. ಸಹಸ್ರಲಿಂಗಕ್ಕೆ ಯಲ್ಲಾಪುರ ರಸ್ತೆಯ ಬಸ್ಸು ಹತ್ತಿ, ಕ್ರಾಸಿನಲ್ಲಿ ಇಳಿದು ನಡೆಯಬೇಕು. ಸೋಂದಾ ಅರಸರ ಕಾಲದಲ್ಲಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ಅವು. ಮಳೆಗಾಲದಲ್ಲಿ ಹೋದರೆ ನೀರು ಮಾತ್ರ ಕಾಣುತ್ತದೆ. ನವೆಂಬರ್ ನಂತರ ಹೋಗಿ.

ಬಸ್ಸಿನ ಸಮಯ ಎಲ್ಲಿ ಸಿಗುತ್ತದೆ?

ದೊಡ್ಡ ಊರಿಂದ ದೊಡ್ಡ ಊರಿಗೆ ಹೋಗುವ ಬಸ್ಸಿನ ಸಮಯ ಆನ್‌ಲೈನಿನಲ್ಲಿ ಸಿಗುತ್ತದೆ. ಹಳ್ಳಿ ಬಸ್ಸಿನ ಸಮಯ ಸಿಗುವುದು ನಿಲ್ದಾಣದ ಕಂಟ್ರೋಲರ್ ಕಿಟಕಿಯಲ್ಲಿ, ಕಂಡಕ್ಟರ್ ಬಾಯಲ್ಲಿ, ಕ್ರಾಸಿನ ಚಹಾ ಅಂಗಡಿಯಲ್ಲಿ. ನಾನು ಮೂರು ಕಡೆಯೂ ಕೇಳುತ್ತೇನೆ. ಮೂವರೂ ಒಂದೇ ಸಮಯ ಹೇಳಿದರೆ ನಂಬುತ್ತೇನೆ.

ಇನ್ನೊಂದು ಮಾತು. ಹೋಗುವ ಬಸ್ ಕೇಳಬೇಡಿ, ಬರುವ ಬಸ್ ಕೇಳಿ. ಹೋಗುವುದು ಹೇಗೋ ಆಗುತ್ತದೆ. ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಅದು ದಿನಾ ಉಂಟೋ ಇಲ್ಲವೋ, ಇಷ್ಟು ಗೊತ್ತಾದ ಮೇಲೆ ದಿನದ ಲೆಕ್ಕ ಹಾಕಿ. ಕೊನೆಯ ಬಸ್ಸನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರ ಹಿಂದಿನದಕ್ಕೇ ಹೊರಡಿ. ಹಿಂದಿನದು ಕೆಟ್ಟು ನಿಂತರೆ ಇರಲಿ ಎಂದು ಕೊನೆಯದನ್ನು ಬಿಟ್ಟಿಡುವುದು.

ಇದನ್ನು ಕಲಿತದ್ದು ಉಂಚಳ್ಳಿ ಜಲಪಾತದಲ್ಲಿ. ಹೆಗ್ಗರಣೆಯಲ್ಲಿ ಬಸ್ ಇಳಿದು ನಾಲ್ಕೈದು ಕಿಲೋಮೀಟರ್ ನಡೆದರೆ ಅಘನಾಶಿನಿ ನದಿ 116 ಮೀಟರ್ ಕೆಳಗೆ ಬೀಳುವುದು ಕಾಣುತ್ತದೆ. ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1845ರಲ್ಲಿ ಕಂಡುಹಿಡಿದ ಎಂದು ಅವನ ಹೆಸರನ್ನೂ ಇಟ್ಟಿದ್ದಾರೆ. ಸುತ್ತಲಿನ ಊರಿನವರಿಗೆ ಅದು ಮೊದಲೇ ಗೊತ್ತಿತ್ತು, ಅದು ಬೇರೆ ಮಾತು. ನೀರು ನೋಡುತ್ತ ಹೊತ್ತು ಹೋಗಿದ್ದು ತಿಳಿಯಲಿಲ್ಲ. ಸಂಜೆ ಬಸ್ಸು ಇದೆಯಲ್ಲ ಎಂಬ ಧೈರ್ಯ. ವಾಪಸ್ ಬಂದು ನಿಂತೆ. ಅರ್ಧ ಗಂಟೆ, ಮುಕ್ಕಾಲು ಗಂಟೆ. ದನ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಕೇಳಿದರು, "ಯಾವ ಊರಾಯ್ತು ತಂಗಿ? ಆ ಬಸ್ಸು ಶಾಲೆ ಮಕ್ಕಳಿಗೆ ಬಿಡುದು. ಇವತ್ತು ರವಿವಾರ ಅಲ್ದಾ?"

ಅವರ ಮನೆಯ ಜಗಲಿಯಲ್ಲಿ ಕೂರಿಸಿದರು. "ಆಸರಿಗೆ ಎಂತ ಬೇಕು?" ಎಂದು ಒಳಗಿನಿಂದ ಅಮ್ಮ ಕೇಳಿದರು. ಕಷಾಯ ಬಂತು. ಶಿರಸಿಯಲ್ಲಿ ಇವರ ನೆಂಟರು ಯಾರು, ನಮ್ಮ ಮನೆ ಯಾವ ಕೇರಿ, ಎಲ್ಲ ವಿಚಾರಣೆ ಆಯಿತು. ಕೊನೆಗೆ ಅಡಿಕೆ ಮೂಟೆ ಹೇರಿಕೊಂಡು ಹೊರಟ ಗಾಡಿಯೊಂದರಲ್ಲಿ ನನ್ನನ್ನೂ ಹತ್ತಿಸಿ ಕಳಿಸಿದರು. ಕತೆ ಚೆಂದವಾಗಿಯೇ ಮುಗಿಯಿತು. ಆದರೆ ಪ್ರತಿ ಸಲ ದನ ಹೊಡೆದುಕೊಂಡು ಒಬ್ಬ ಅಜ್ಜ ಬರುತ್ತಾರೆ ಎಂದು ಹೇಳಲಾಗುವುದಿಲ್ಲ. ಈಗ ರವಿವಾರ ಹಳ್ಳಿ ಕಡೆ ಹೋಗುವುದೇ ಇಲ್ಲ.

ಶಕ್ತಿ ಯೋಜನೆಯ ಟಿಕೆಟ್ ಇಲ್ಲಿ ನಡೆಯುತ್ತದಾ?

ನಡೆಯುತ್ತದೆ. ಇಲ್ಲಿ ಓಡುವುದು ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳು. 2023ರ ಜೂನ್ 11ರಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ, ಶೂನ್ಯ ಟಿಕೆಟ್ ಪಡೆದು, ಇಳಿಯುವ ತನಕ ಇಟ್ಟುಕೊಳ್ಳಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ಇಲ್ಲ.

ಗಂಡಸರಿಗೆ ಒಂದು ಮಾತು: ಚಿಲ್ಲರೆ ಇಟ್ಟುಕೊಳ್ಳಿ. ಫೋನಿನಲ್ಲಿ ದುಡ್ಡು ಕಳಿಸಬಹುದು ನಿಜ. ಆದರೆ ಘಟ್ಟದ ನಡುವೆ ನೆಟ್‌ವರ್ಕ್ ಇಲ್ಲದೆ ಕಂಡಕ್ಟರ್ ಮುಂದೆ ಫೋನ್ ಎತ್ತಿ ಹಿಡಿದು ನಿಲ್ಲುವುದು ನೋಡಲು ಚೆಂದ ಇರುವುದಿಲ್ಲ.

ಕರಾವಳಿಯಲ್ಲಿ ಓಡುವ ಟೆಂಪೋ ಹತ್ತಬಹುದಾ?

ಧಾರಾಳವಾಗಿ. ಹೊನ್ನಾವರ, ಮುರ್ಡೇಶ್ವರ, ಭಟ್ಕಳದ ಕಡೆ ಊರಿನವರು ದಿನಾ ಓಡಾಡುವುದೇ ಅದರಲ್ಲಿ. ಕೈ ತೋರಿಸಿದಲ್ಲಿ ನಿಲ್ಲುತ್ತದೆ, ಹೇಳಿದಲ್ಲಿ ಇಳಿಸುತ್ತದೆ. ಬೆಳಿಗ್ಗೆ ಹತ್ತಿದರೆ ಕಾಲ ಬಳಿ ಮೀನಿನ ಬುಟ್ಟಿ ಇರಬಹುದು. ಚೀಲ ತೊಡೆಯ ಮೇಲೆ ಇಟ್ಟುಕೊಳ್ಳಿ, ನೆಲದ ಮೇಲೆ ಬೇಡ.

ಘಟ್ಟ ಇಳಿಯಲು ಯಾವ ದಾರಿ ಚೆಂದ?

ನನಗೆ ದೇವಿಮನೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ಎರಡು ಗಂಟೆ. ಮೊದಲು ಅಡಿಕೆ ತೋಟ, ಆಮೇಲೆ ಕಾಡು. ದೇವಿಮನೆ ದೇವಸ್ಥಾನದ ಎದುರು ಬಸ್ಸಿನಲ್ಲಿದ್ದವರು ಕೂತಲ್ಲೇ ಕೈ ಮುಗಿಯುತ್ತಾರೆ. ಅಲ್ಲಿಂದ ತಿರುವು ಶುರು. ಕಿವಿ ಒಮ್ಮೆ ಗವ್ ಎನ್ನುತ್ತದೆ. ಸ್ವೆಟರ್ ತೆಗೆಯಬೇಕು ಅನಿಸುತ್ತದೆ. ಇನ್ನೊಂದು ತಿರುವಿಗೆ ಸೆಕೆ ಬಂದು ಮುಖಕ್ಕೆ ಹೊಡೆಯುತ್ತದೆ. ಕರಾವಳಿ ಬಂತು ಎಂದು ಲೆಕ್ಕ. ವಾಂತಿ ಬರುವವರು ಮುಂದಿನ ಸೀಟು ಹಿಡಿಯಿರಿ, ಬಾಯಿಗೆ ನಿಂಬೆ ಅಥವಾ ಉಪ್ಪಿನಲ್ಲಿಟ್ಟ ನೆಲ್ಲಿ.

ಈ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ, ಮಳೆಗಾಲದಲ್ಲಿ ಮುಚ್ಚಿದ್ದೂ ಉಂಟು. ಹೊರಡುವ ಹಿಂದಿನ ದಿನ ನಿಲ್ದಾಣದಲ್ಲಿ ಕೇಳಿ. ಮುಚ್ಚಿದ್ದರೆ ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿಯಬಹುದು, ಅಥವಾ ಯಲ್ಲಾಪುರಕ್ಕೆ ಹೋಗಿ ಅರಬೈಲು ಘಟ್ಟದಲ್ಲಿ ಅಂಕೋಲಾಕ್ಕೆ.

ಜೋಗಕ್ಕೆ ಹೋಗಿ ಮತ್ತೆ ಶಿರಸಿಗೆ ಬರಬೇಕಾ?

ಬೇಡ. ಜೋಗ ಇರುವುದು ಶಿವಮೊಗ್ಗ ಜಿಲ್ಲೆಯ ಗಡಿಯಲ್ಲಿ. ಸಿದ್ದಾಪುರದ ಮೇಲೆ ಹೋಗಿ, 253 ಮೀಟರ್ ಧುಮುಕುವುದನ್ನು ನೋಡಿ, ಸಾಗರದಿಂದ ಹೊನ್ನಾವರಕ್ಕೆ ಹೋಗುವ ಬಸ್ಸು ಮಾವಿನಗುಂಡಿಯಲ್ಲಿ ಹಿಡಿದರೆ ಗೇರುಸೊಪ್ಪೆ ಘಟ್ಟ ಇಳಿದು ನೇರ ಸಮುದ್ರದ ಬದಿಗೆ. ಆಗ ದೇವಿಮನೆ ತಪ್ಪುತ್ತದೆ. ಎರಡರಲ್ಲಿ ಒಂದು ಆರಿಸಬೇಕು. ಮಳೆ ಜೋರಾಗಿ ಬಿದ್ದ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಾದರೆ ಜೋಗ. ಬೇಸಿಗೆಯಲ್ಲಾದರೆ ಬೇಡ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, ಬರಿ ಬಂಡೆ ನೋಡಿ ಬರುತ್ತೀರಿ.

ಯಾಣಕ್ಕೆ ಬಸ್ ಉಂಟಾ?

ಕುಮಟಾದಿಂದ ಉಂಟು, ಆದರೆ ಬೆರಳೆಣಿಕೆಯಷ್ಟು. ಮೇಲೆ ಹೇಳಿದ ಬರುವ ಬಸ್ಸಿನ ಮಾತು ಇಲ್ಲಿಗೆ ಎರಡು ಪಾಲು.

"ಸೊಕ್ಕಿದ್ದವ ಯಾಣಕ್ಕೆ ಹೋಗು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗು" ಎಂದು ನಮ್ಮ ಕಡೆ ಗಾದೆ. ರಸ್ತೆ ಇಲ್ಲದ ಕಾಲದಲ್ಲಿ ಕಾಡಿನಲ್ಲಿ ನಡೆದು ಹೋಗಲು ಮೈಯಲ್ಲಿ ಸೊಕ್ಕು ಬೇಕಿತ್ತು. ಈಗ ಮೆಟ್ಟಿಲುಗಳಿವೆ. ಆದರೂ ಕಾಡು ದಾಟಿ ಮುಂದೆ ಹೋದಾಗ 120 ಮೀಟರಿನ ಭೈರವೇಶ್ವರ ಶಿಖರ ಒಮ್ಮೆಲೇ ಎದುರು ನಿಂತಾಗ ಕಾಲು ತಾನಾಗಿ ನಿಲ್ಲುತ್ತದೆ. ಕಪ್ಪು ಸುಣ್ಣದಕಲ್ಲು. ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಬಂಡೆಯ ಸೀಳಿನೊಳಗೆ ಬರಿಗಾಲಲ್ಲಿ ಒಂದು ಸುತ್ತು ಬನ್ನಿ. ನನಗೆ ಸೊಕ್ಕೂ ಇಲ್ಲ, ರೊಕ್ಕವೂ ಇಲ್ಲ. ಎರಡು ಕಡೆಯೂ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ.

ದ್ವೀಪಗಳಿಗೆ ದೋಣಿ ಸಿಗುತ್ತದಾ?

ಎಲ್ಲರೂ ಕೇಳುವುದು ಇದನ್ನೇ. ಎಲ್ಲರಿಗೂ ಬೇಜಾರಾಗುವುದೂ ಇದರಲ್ಲೇ. ಬಸ್ಸಿನ ಹಾಗೆ ಸಮಯ ಹಾಕಿ, ಟಿಕೆಟ್ ಹರಿದು, ಸಮುದ್ರದ ದ್ವೀಪಕ್ಕೆ ಹೊರಡುವ ದೋಣಿ ನಮ್ಮಲ್ಲಿ ಇಲ್ಲ. ಪ್ರವಾಸಿಗರ ದೋಣಿ ಉಂಟು. ಜನ ಸೇರಿದರೆ ಹೊರಡುತ್ತದೆ. ಒಬ್ಬರೇ ಹೋದವರು ಒಂದು ಗುಂಪು ಬರುವ ತನಕ ಕಾಯಬೇಕು, ಇಲ್ಲವೇ ಇಡೀ ದೋಣಿಯ ಬಾಡಿಗೆ ಕೊಡಬೇಕು. ಶನಿವಾರ, ರವಿವಾರ ಗುಂಪು ಸಿಗುವುದು ಸುಲಭ. ಹಳ್ಳಿಗೆ ಬೇಡ ಎಂದ ರವಿವಾರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದೊಂದಾಗಿ ಹೇಳುತ್ತೇನೆ. ಕಾರವಾರದ ಎದುರಿನ ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿ ಇದೆ. ಪುಷ್ಯ ಹುಣ್ಣಿಮೆಗೆ ಜಾತ್ರೆ. ಆ ಒಂದು ದಿನ ಕಾರವಾರಕ್ಕೆ ಕಾರವಾರವೇ ದೋಣಿ ಹತ್ತುತ್ತದೆ. 2019ರ ಜನವರಿಯಲ್ಲಿ ಇದೇ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದಕ್ಕೇ ಹೇಳುವುದು, ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಕೊಟ್ಟದ್ದನ್ನು ಸೀಟಿನ ಕೆಳಗೆ ಇಟ್ಟು ಸೆಲ್ಫಿ ತೆಗೆಯಬೇಡಿ. ಜನ ತುಂಬಿದ್ದು ಕಂಡರೆ ಇಳಿದುಬಿಡಿ. "ಎಂತ ಆಗುದಿಲ್ಲ, ಕೂತ್ಕೊಳ್ಳಿ" ಎನ್ನುತ್ತಾರೆ. ನಾನು ಒಮ್ಮೆ ಹೀಗೆ ಇಳಿದಿದ್ದೇನೆ. ದೋಣಿ ಸುರಕ್ಷಿತವಾಗಿಯೇ ಹೋಗಿ ಬಂತು, ನನಗೆ ಆ ಬಗ್ಗೆ ಏನೂ ಬೇಸರ ಇಲ್ಲ.

ಇನ್ನೂ ಆಚೆ ದೇವಗಡ, ಅದರ ಮೇಲೆ ದೀಪಸ್ತಂಭ. ದಕ್ಷಿಣಕ್ಕೆ ಕಾಣುವ ಅಂಜುದೀವ್ ಮೇಲೆ ಪೋರ್ಚುಗೀಸರ ಕಾಲದ ಇಗರ್ಜಿ ಇದೆ. ಆದರೆ ಅದು ನೌಕಾಪಡೆಯ ಕೈಯಲ್ಲಿದೆ, ನಮಗೆ ಪ್ರವೇಶ ಇಲ್ಲ. 2005ರಲ್ಲಿ ಶುರುವಾದ ಕದಂಬ ನೌಕಾನೆಲೆ ಅದರ ಪಕ್ಕದಲ್ಲೇ. ಆ ಕಡೆ ಕ್ಯಾಮೆರಾ ತಿರುಗಿಸಿ ಇಲ್ಲದ ಪಂಚಾಯಿತಿಗೆ ಸಿಕ್ಕಿಹಾಕಿಕೊಳ್ಳಬೇಡಿ.

ಹೊನ್ನಾವರದ ಎದುರಿಗೆ ಬಸವರಾಜದುರ್ಗ. ಚಪ್ಪಟೆ ತಲೆಯ ಗುಡ್ಡ, ಅದರ ಮೇಲೆ ಕೋಟೆ. ನಾನು ಇಲ್ಲಿಯ ತನಕ ದಡದಿಂದಲೇ ನೋಡಿದ್ದೇನೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ನವರ ದೋಣಿ ಹೋಗುತ್ತದೆ. ಮೊದಲೇ ಬುಕ್ ಮಾಡಬೇಕು. ದ್ವೀಪದ ಮೇಲೆ ಇಳಿಸುವುದಿಲ್ಲ, ಸುತ್ತಲಿನ ನೀರಿನಲ್ಲೇ ಮುಳುಗಿಸಿ ತರುತ್ತಾರೆ. ಬಸ್ಸಿನಲ್ಲಿ ಉಳಿಸಿದ ದುಡ್ಡೆಲ್ಲ ಒಂದೇ ಬೆಳಿಗ್ಗೆ ಖರ್ಚಾಗುತ್ತದೆ, ಆದರೆ ಬಣ್ಣದ ಮೀನು ಕಣ್ಣೆದುರು ಬಂದಾಗ ಲೆಕ್ಕ ನೆನಪಾಗುವುದಿಲ್ಲ.

ಹಾಗಾದರೆ ಊರಿನವರು ಹೋಗುವ ದೋಣಿಯೇ ಇಲ್ಲವಾ?

ಉಂಟು, ನದಿಯಲ್ಲಿ. ಗೋಕರ್ಣದಿಂದ ತದಡಿಗೆ ಬನ್ನಿ. ಮೀನು ಬಂದರು. ಅಲ್ಲಿಂದ ಬಾರ್ಜ್ ಹತ್ತಿ ಅಳಿವೆ ದಾಟಿದರೆ ಅಘನಾಶಿನಿ ಎಂಬ ಊರು. ನದಿಯ ಹೆಸರೇ ಊರಿನ ಹೆಸರು. ಹಳಬರು ಈಗಲೂ ತಾರಿ ಎಂದೇ ಹೇಳುತ್ತಾರೆ. ಬೈಕು, ಶಾಲೆ ಮಕ್ಕಳು, ಮೀನಿನ ಬುಟ್ಟಿ, ಮದುವೆಗೆ ಹೊರಟವರು ಎಲ್ಲ ಒಟ್ಟಿಗೆ. ಆಚೆ ದಡದಿಂದ ಕುಮಟಾಕ್ಕೆ ಬಸ್ಸು. ನನ್ನ ಕೇಳಿದರೆ, ಇಡೀ ಪ್ರಯಾಣದಲ್ಲಿ ಎಲ್ಲಕ್ಕಿಂತ ಚೆಂದದ ತುಂಡು ಇದೇ. ಕೊಡುವ ದುಡ್ಡೂ ಎಲ್ಲಕ್ಕಿಂತ ಕಡಿಮೆ.

ಉಂಚಳ್ಳಿಯಲ್ಲಿ ಬೀಳುವುದು ನೋಡಿದಿರಲ್ಲ, ಅದೇ ನೀರು ಇಲ್ಲಿ ಸಮುದ್ರ ಸೇರುತ್ತದೆ. ನಡುವೆ ಎಲ್ಲೂ ಅಣೆಕಟ್ಟು ಇಲ್ಲ. ನೀರು ಇಳಿದ ಹೊತ್ತಿನಲ್ಲಿ ಹೋದರೆ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವುದು ಕಾಣಬಹುದು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪಿಗೆ ಹೆದರದ ತಳಿ ಅದು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳು. ಬೇಸಿಗೆಯಲ್ಲಾದರೆ ಬಿಳಿ ರಾಶಿ ಬಸ್ಸಿನಿಂದಲೇ ಕಾಣುತ್ತದೆ.

ಇಲ್ಲಿ "ಕುರ್ವೆ" ಎಂದು ಕೊನೆಯಾಗುವ ಊರಿನ ಹೆಸರು ಕೇಳಿದರೆ ನಿಲ್ಲಿ. ಐಗಳಕುರ್ವೆ, ಮಾವಿನಕುರ್ವೆ. ಕುರ್ವೆ ಅಂದರೆ ನದಿ ನಡುವಿನ ನೆಲ. ದ್ವೀಪ ಎಂದು ಸಮುದ್ರ ನೋಡುತ್ತ ಕೂತವರಿಗೆ ಇವು ಲೆಕ್ಕಕ್ಕೇ ಬರುವುದಿಲ್ಲ. ತೆಂಗಿನ ಮರ, ಮನೆ, ಮನೆ ಹಿಂದೆ ಕಟ್ಟಿದ ದೋಣಿ. ಇವೂ ದ್ವೀಪವೇ ಅಲ್ವಾ?

ಸಿಗಂದೂರಿನ ಲಾಂಚ್?

ಅದು ಪಕ್ಕದ ಸಾಗರ ತಾಲೂಕು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆಯಿತು. ಈಗ ಲಾಂಚಿಗಾಗಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ರೈಲು ಎಲ್ಲಿ ಉಪಯೋಗ?

ಕರಾವಳಿಯಲ್ಲಿ ಮಾತ್ರ. ಶಿರಸಿಗೆ ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತನ್ನು ನಾನು ಲಂಗ ಹಾಕುವ ಕಾಲದಿಂದ ಕೇಳುತ್ತಿದ್ದೇನೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ಆಯಿತು. ಮಂಗಳೂರು–ಮಡಗಾಂವ್ ನಡುವಿನ ಲೋಕಲ್ ಗಾಡಿ ಸಣ್ಣ ನಿಲ್ದಾಣದಲ್ಲೂ ನಿಲ್ಲುತ್ತದೆ. ಮುರ್ಡೇಶ್ವರದಲ್ಲಿ ಹತ್ತಿ ಕಾರವಾರಕ್ಕೆ ಬನ್ನಿ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿನಷ್ಟು ಉದ್ದದ ಸೇತುವೆ. ಆಮೇಲೆ ಅಘನಾಶಿನಿ, ಗಂಗಾವಳಿ. ಒಂದು ಎಚ್ಚರ: ನಿಲ್ದಾಣಗಳು ಊರಿನಿಂದ ದೂರ. ಗೋಕರ್ಣ ರೋಡ್ ಇಳಿದರೆ ಗೋಕರ್ಣ ಇನ್ನೂ ಹತ್ತು ಕಿಲೋಮೀಟರ್ ಆಚೆ. ಕಾರವಾರದ ನಿಲ್ದಾಣ ಇರುವುದು ಶಿರವಾಡದಲ್ಲಿ. ರಿಕ್ಷಾದವರಿಗೆ ಇದು ಚೆನ್ನಾಗಿ ಗೊತ್ತು, ದರ ಕೇಳಿಯೇ ಹತ್ತಿ.

ಒಬ್ಬಳೇ ಹೆಣ್ಣುಮಗಳು ಹೋಗಬಹುದಾ?

ನಾನು ಹೋಗುತ್ತಿದ್ದೇನೆ. ಭಯಕ್ಕಿಂತ ಪ್ರಶ್ನೆಗಳು ಜಾಸ್ತಿ. "ಒಬ್ರೇಯಾ? ಮನೆಯವರು ಬರ್ಲಿಲ್ವಾ?" ಇದಕ್ಕೆ ಸಿಟ್ಟು ಬರುತ್ತಿತ್ತು. ಈಗ "ಅವರಿಗೆ ಬಸ್ಸಲ್ಲಿ ವಾಂತಿ" ಎಂದು ಹೇಳಿಬಿಡುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಲಾಡ್ಜಿನಲ್ಲಿ ಮಾತ್ರ ಒಂದು ಸಲ ತೊಂದರೆ ಆಗಿತ್ತು. ಕರಾವಳಿಯ ಒಂದು ಪೇಟೆಯಲ್ಲಿ, ಫೋನಿನಲ್ಲಿ ರೂಮ್ ಇದೆ ಎಂದವರು ಎದುರು ಹೋದಾಗ "ಒಬ್ಬರಿಗೆ ಕೊಡುವುದಿಲ್ಲ" ಎಂದರು. ಹೊರಗೆ ಕತ್ತಲು. ಅಂದಿನಿಂದ ಫೋನಿನಲ್ಲೇ "ಒಬ್ಬಳೇ ಬರುತ್ತಿದ್ದೇನೆ" ಎಂದು ಹೇಳಿ, ಸಂಜೆ ಐದರೊಳಗೆ ಹೋಗಿ ಸೇರುತ್ತೇನೆ. ಕತ್ತಲಾದ ಮೇಲೆ ಹೆದ್ದಾರಿ ಕ್ರಾಸಿನಲ್ಲಿ ಇಳಿಯುವ ಹಾಗಿದ್ದರೆ ಆ ಬಸ್ಸನ್ನೇ ಬಿಡುತ್ತೇನೆ. ಬಸ್ಸಿನಲ್ಲಿ ಮೀನು ಮಾರುವ ಅಮ್ಮಂದಿರ ಪಕ್ಕ ಸೀಟು ಸಿಕ್ಕರೆ ಬಿಡಬೇಡಿ, ಅವರ ಎದುರು ಯಾರೂ ಬಾಲ ಬಿಚ್ಚುವುದಿಲ್ಲ.

ಮಳೆಗಾಲದಲ್ಲಿ ಬರಲಾ?

ಘಟ್ಟದ ಮೇಲೆ ಬನ್ನಿ, ದಿನ ಜಾಸ್ತಿ ಇಟ್ಟುಕೊಂಡು. ದ್ವೀಪದ ಆಸೆ ಬಿಡಿ, ಅದು ಅಕ್ಟೋಬರ್ ಮೇಲಿನ ಮಾತು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು, ಜನ ಸತ್ತರು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ರೆಡ್ ಅಲರ್ಟ್ ಎಂದರೆ ಲಾಡ್ಜಿನಲ್ಲೇ ಕೂತು ಬಜ್ಜಿ ತಿನ್ನಿ. ಕರೆಂಟು ಹೋದರೆ ಫೋನ್ ಟವರೂ ಹೋಗುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ಉಂಬಳಕ್ಕೆ (ಜಿಗಣೆಗೆ) ಏನು ಮಾಡುವುದು?

ಉಪ್ಪು ಅಥವಾ ಸುಣ್ಣ ಹಚ್ಚಿದರೆ ಬೀಳುತ್ತದೆ. ಎಳೆದು ಕೀಳಬೇಡಿ. ಉಂಬಳ ಸ್ವಲ್ಪ ರಕ್ತ ಕುಡಿದು ಹೋಗುತ್ತದೆ, ಅಷ್ಟೇ. ಹೆದರಬೇಕಾದ್ದು ಉಣುಗಿಗೆ. ಸಿದ್ದಾಪುರದ ಕಡೆ ಚಳಿಗಾಲದಿಂದ ಬೇಸಿಗೆಯ ತನಕ ಉಣುಗು ಕಚ್ಚಿ ಮಂಗನ ಕಾಯಿಲೆ ಬರುವುದುಂಟು. ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಪಂಚಾಯಿತಿಗೆ ಹೇಳಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ. ತೋಟ, ಕಾಡು ತಿರುಗಿ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಎಂದು ಮೊದಲು ಹೇಳಿ.

ಊಟ ಎಲ್ಲಿ?

ಬಸ್ ನಿಲ್ದಾಣದ ಸುತ್ತ. ಘಟ್ಟದ ಮೇಲೆ ಅಪ್ಪೆಹುಳಿ, ತಂಬುಳಿ ಸಿಕ್ಕಿದಲ್ಲಿ ಬಿಡಬೇಡಿ. ಮನೆಗೆ ತೊಡೆದೇವು ಎಂಬ ತೆಳು ಸಿಹಿತಿಂಡಿ ಕಟ್ಟಿಸಿಕೊಳ್ಳಿ, ಆದರೆ ಚೀಲದ ತಳದಲ್ಲಿ ಇಟ್ಟರೆ ಪುಡಿ. ಕೆಳಗೆ ಇಳಿದ ಮೇಲೆ ಬೆಳಿಗ್ಗೆ ಬನ್ಸ್ ಭಾಜಿ, ಮಧ್ಯಾಹ್ನ ಬಂಗಡೆ ಅಥವಾ ಶೆಟ್ಲಿ (ಸಿಗಡಿ). ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿ ಜಡೆ ಹೆಣೆದು ನೇತುಹಾಕಿರುತ್ತಾರೆ, ಅಂಕೋಲಾದಲ್ಲಿ ಕರಿ ಇಶಾಡ ಮಾವು. ಎರಡನ್ನೂ ಕೊನೆಯ ದಿನವೇ ಕೊಳ್ಳಿ. ನಾನು ಒಮ್ಮೆ ಎರಡನೇ ದಿನ ಈರುಳ್ಳಿ ಜಡೆ ಕೊಂಡು ನಾಲ್ಕು ದಿನ ಹೊತ್ತು ತಿರುಗಿದೆ. ನನ್ನ ಬಟ್ಟೆಗೆಲ್ಲ ಅದೇ ವಾಸನೆ.

ಶಿರಸಿ ಜಾತ್ರೆ ಸಮಯದಲ್ಲಿ ಬರಬಹುದಾ?

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ನೋಡಲು ಬರುವುದಾದರೆ ಬನ್ನಿ, ಹೆಚ್ಚುವರಿ ಬಸ್ಸು ಬಿಡುತ್ತಾರೆ. ಕಾಡು, ನೀರು, ಮೌನ ಬೇಕು ಎನ್ನುವವರು ಆ ವಾರ ಬಿಟ್ಟು ಬನ್ನಿ. ರೂಮಂತೂ ಸಿಗುವುದಿಲ್ಲ.

ಕಾರವಾರದಿಂದ ವಾಪಸ್ ಹೇಗೆ?

ಬೆಂಗಳೂರಿಗಾದರೆ ಪಂಚಗಂಗಾ ರೈಲು, ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ರೈಲಿನ ತನಕ ಹೊತ್ತು ಇರುತ್ತದೆ. ಬಸ್ ನಿಲ್ದಾಣದಿಂದ ನಡೆಯುವಷ್ಟು ಹತ್ತಿರ ಟ್ಯಾಗೋರ್ ಕಡಲತೀರ. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ಕೆಲ ಕಾಲ ಇದ್ದರು. ಆಗ ಅವರಿಗೆ ಇಪ್ಪತ್ತೆರಡು. ಅಲ್ಲಿ ಕೂತರೆ ನೀವು ಹೋಗಲಾಗದ ದ್ವೀಪಗಳು ಎದುರಿಗೇ ಇವೆ.

ಶಿರಸಿಗೆ ಬರುವವರು ಮಧ್ಯಾಹ್ನವೇ ಬಸ್ಸು ಹತ್ತಿ. ಸಂಜೆಯ ತನಕ ಕೂತರೆ ಕುಮಟಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಕಾರವಾರದಿಂದ ಹೊರಡುವಾಗ ಸಮುದ್ರ ಬಲಗಡೆ. ಕಿಟಕಿ ಆ ಬದಿಯದೇ ಹಿಡಿಯಿರಿ. ಬಿಸಿಲು ಬೀಳುತ್ತದೆ ಎಂದು ಎಲ್ಲರೂ ಎಡಗಡೆ ಕೂತಿರುತ್ತಾರೆ, ಸೀಟು ಖಾಲಿ ಇರುತ್ತದೆ.